ಬಾಲ್ಯ ಸಂಧಿವಾತದಲ್ಲಿ ಮಂಡಿ ಕೀಲು ಬದಲಾವಣೆ

16 ವರ್ಷ ತುಂಬುವ ಮೊದಲೇ ತೊಡಗುವ ಸಂಧಿವಾತದಿಂದ ಹಾಳಾದ ಮಂಡಿಗೆ ಲೋಹ ಮತ್ತು ಪಾಲಿಎಥಿಲೀನಿನ ಕೃತಕ ಕೀಲು ಅಳವಡಿಸುವ ಶಸ್ತ್ರಚಿಕಿತ್ಸೆ. ಸಾಮಾನ್ಯವಾಗಿ ಮೂಳೆಯ ಬೆಳವಣಿಗೆ ನಿಂತ ಮೇಲೆ ಮಾಡುತ್ತಾರೆ. ಇಂಥ ರೋಗಿಗಳ ಮೂಳೆ ಹಲವೊಮ್ಮೆ ಕಿರಿದು, ದುರ್ಬಲ. ಮಂಡಿ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಂಡಿರುವುದುಂಟು. ಕತ್ತು, ದವಡೆಯೂ ಸೆಟೆದಿದ್ದರೆ ಅರಿವಳಿಕೆಗೆ ಉಸಿರು ನಳಿಗೆ ಇಳಿಸುವುದೇ ಕಷ್ಟ. ನೋವಿನ ಶಮನ ಈ ಶಸ್ತ್ರಚಿಕಿತ್ಸೆಯ ದೊಡ್ಡ ಫಲ, ಅದು ವರ್ಷಗಟ್ಟಲೆ ಉಳಿಯುತ್ತದೆ. ಗಾಲಿಕುರ್ಚಿಯಲ್ಲಿದ್ದವರು ಎದ್ದು ನಡೆದದ್ದೂ ಉಂಟು. ಮಂಡಿ ಮಡಚುವ ಶಕ್ತಿ ಮಾತ್ರ ಅಷ್ಟಾಗಿ ಹೆಚ್ಚದು. ಎಳೆಯ ವಯಸ್ಸಿನಲ್ಲೇ ಹಾಕಿದ ಕೀಲು ದೀರ್ಘಕಾಲ ದುಡಿಯಬೇಕಾದ್ದರಿಂದ ಸವೆತ, ಸಡಿಲಿಕೆ, ಸೋಂಕಿನಿಂದಾಗಿ ಮರುಶಸ್ತ್ರಚಿಕಿತ್ಸೆಯ ಸಂಭವ ವೃದ್ಧರಿಗಿಂತ ಹೆಚ್ಚು. ಮೆಥೊಟ್ರೆಕ್ಸೇಟ್, 1999ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಮಂಜೂರಾದ ಎಟನರ್ಸೆಪ್ಟ್ ಮುಂತಾದ ಔಷಧಗಳಿಂದ ಮಂಡಿ ಕೀಲು ಬದಲಾವಣೆಯ ಅಗತ್ಯ ಇಳಿದಿದೆ.