ತಂತಿ ಯಾರದು, ಕರೆಂಟು ಯಾರದು

ಸೋಮನಾಥಪುರದ ಕೇಶವ ದೇವಾಲಯಕ್ಕೆ ಹತ್ತಿರದಲ್ಲೇ ಹರಿಯುವ ಕಾವೇರಿ, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನು ಬಳಸಿ, ಶಿವನಸಮುದ್ರದಲ್ಲಿ ಧುಮುಕುತ್ತದೆ. ಆ ನೀರಿನಿಂದ ತೆಗೆದ ಕರೆಂಟು 1902ರ ಜೂನ್ 30ರಂದು ಮೊದಲು ಹರಿದದ್ದು ಮಗ್ಗುಲಿನ ಮಳವಳ್ಳಿಗಲ್ಲ, ನರಸೀಪುರಕ್ಕಲ್ಲ, ರಾಜಧಾನಿ ಮೈಸೂರಿಗೂ ಅಲ್ಲ; ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲದಲ್ಲಿ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಸೇರಿದ್ದ ಈ ತಂತಿಗೆ ದಿವಾನ್ ಶೇಷಾದ್ರಿ ಅಯ್ಯರ್ ಒಪ್ಪಿಗೆ ಕೊಟ್ಟದ್ದು, ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ನಕ್ಷೆ ಹಾಕಿದ್ದು, ಎರಡಕ್ಕೂ ಆಧಾರ ಒಂದೇ: ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕೊಳ್ಳುವ ಕರಾರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ, ಮೈಸೂರಿಗೆ 1908ರಲ್ಲಿ. ನದೀತೀರದ ಹಳ್ಳಿಗಳ ಸರದಿ ಬರಲು ದಶಕಗಳೇ ಹಿಡಿದವು.

ಕರ್ನಾಟಕದ ವಿದ್ಯುತ್ತಿಗೆ ಮಾರುಕಟ್ಟೆ ಬಂದದ್ದು 1999ರ ಸುಧಾರಣೆಯಿಂದ ಎಂದು ಹೇಳುವುದು ರೂಢಿ. ನನ್ನ ವಾದ ಇದಕ್ಕೆ ತಿರುಗುಮುರುಗಾಗಿದೆ. ನಮ್ಮಲ್ಲಿ ವಿದ್ಯುತ್ತು ಹುಟ್ಟಿದ್ದೇ ಕರಾರಿನ ಮಾರುಕಟ್ಟೆಯಲ್ಲಿ. ನಡುವಿನ ನಾಲ್ಕು ದಶಕ ಸರ್ಕಾರದ ವಿದ್ಯುತ್ ಮಂಡಳಿ ಅದನ್ನು ಬೇರೆ ದಾರಿಗೆ ತಿರುಗಿಸಿತು. ಸುಧಾರಣೆ ಅದನ್ನು ಅರ್ಧದಷ್ಟು ಹಳೆಯ ದಾರಿಗೇ ಮರಳಿಸಿದೆ. ಶಿವನಸಮುದ್ರದ ಯಂತ್ರಗಳ ಒಡೆಯ ಮೈಸೂರು ಸರ್ಕಾರವಾಗಿತ್ತಲ್ಲ, ಅದು ಹೇಗೆ ಮಾರುಕಟ್ಟೆಯಾದೀತು ಎಂದು ಕೇಳಬಹುದು. ಒಡೆತನ ಸರ್ಕಾರದ್ದೇ, ಸರಿ. ಆದರೆ ತಂತಿಯ ದಿಕ್ಕನ್ನು ನಿರ್ಧರಿಸಿದ್ದು ಕರಾರಿಗೆ ಸಹಿ ಹಾಕಬಲ್ಲವನು ಎಲ್ಲಿದ್ದಾನೆ ಎಂಬುದು. ಕನ್ನಂಬಾಡಿ ಅಣೆಕಟ್ಟಿನ ಪರವಾಗಿ ವಿಶ್ವೇಶ್ವರಯ್ಯನವರು ಮುಂದಿಟ್ಟ ವಾದಗಳಲ್ಲೂ ನೀರಾವರಿಯ ಜೊತೆಜೊತೆಗೆ ಗಣಿಗೆ ತಪ್ಪದೆ ವಿದ್ಯುತ್ ಒದಗಿಸುವ ಲೆಕ್ಕ ಇತ್ತು. ಬೇಸಿಗೆಯಲ್ಲಿ ನದಿ ಸೊರಗಿದರೆ ಶಿವನಸಮುದ್ರದ ಚಕ್ರ ನಿಧಾನವಾಗುತ್ತದೆ, ಚಕ್ರ ನಿಧಾನವಾದರೆ ಗಿರಾಕಿಗೆ ಕೊಟ್ಟ ಮಾತು ತಪ್ಪುತ್ತದೆ.

ಈ ತರ್ಕವನ್ನು ಮುರಿದದ್ದು 1948ರ ವಿದ್ಯುತ್ ಸರಬರಾಜು ಕಾಯ್ದೆ, ಅದರಡಿ 1957ರ ಅಕ್ಟೋಬರ್ 1ರಂದು ಹುಟ್ಟಿದ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ. ರಾಜ್ಯದ ಹೆಸರು ಬದಲಾದ ಮೇಲೆ ಅದೇ ಕೆಇಬಿ. ಕೊಳ್ಳುವವನ ಶಕ್ತಿ ನೋಡದೆ ಕಂಬ ನೆಡುವುದು ಮಂಡಳಿಯ ಕೆಲಸವಾಯಿತು. ನಂಜನಗೂಡಿನ ಕಾರ್ಖಾನೆಯೂ ನರಸೀಪುರದ ಗದ್ದೆಯ ಪಂಪ್‌ಸೆಟ್ಟೂ ಒಂದೇ ಖಾತೆಯ ಎರಡು ಪುಟ. ಒಂದರಲ್ಲಿ ಹೆಚ್ಚು ವಸೂಲಿ ಮಾಡಿ ಇನ್ನೊಂದನ್ನು ತೂಗಿಸುವುದು. ಹಳ್ಳಿಗೆ ದೀಪ ಬಂದದ್ದು ಈ ತೂಗಾಟದಿಂದಲೇ, ಇದನ್ನು ಮರೆತು ಮಂಡಳಿಯನ್ನು ಬೈಯುವುದು ಕೃತಘ್ನತೆ. ಹಾಗೆಂದು ಅದರ ರೋಗವನ್ನು ಮುಚ್ಚಿಡುವುದೂ ತರವಲ್ಲ. 1980ರ ದಶಕದಲ್ಲಿ ಪಂಪ್‌ಸೆಟ್ಟಿಗೆ ಎಚ್‌ಪಿ ಲೆಕ್ಕದ ದರ ಬಂದ ಮೇಲೆ ಮೀಟರಿಗೆ ಕೆಲಸ ಉಳಿಯಲಿಲ್ಲ. ಮೀಟರ್ ಇಲ್ಲದ ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) ಎಷ್ಟು ಯೂನಿಟ್ ಉಂಡಿತು ಎಂಬುದು ಅಂದಾಜಿನ ಮಾತಾಯಿತು. ಆ ಅಂದಾಜಿನ ಅಟ್ಟದ ಮೇಲೆ ತಂತಿಯಲ್ಲಿ ಸೋರಿದ್ದು, ಪೇಟೆಯಲ್ಲಿ ಕದ್ದದ್ದು, ಮೀಟರ್ ತಿರುಚಿ ಉಳಿಸಿಕೊಂಡದ್ದು ಎಲ್ಲವನ್ನೂ ಎತ್ತಿಡಬಹುದಾಗಿತ್ತು. ರೈತನ ಹೆಸರಿನಲ್ಲಿ ಬರೆದ ಯೂನಿಟ್ಟೆಲ್ಲ ರೈತನ ಬೋರಿಗೆ ಹೋಗಿರಲಿಲ್ಲ.

ಸುಧಾರಣೆಯೆಂದರೆ ವಿಶ್ವಬ್ಯಾಂಕ್ ತಂದ ಪರದೇಶಿ ಸರಕು ಎನ್ನುವವರಿಗೆ ಇಲ್ಲೊಂದು ಮಾತು ಹೇಳಬೇಕು. ಉತ್ಪಾದನೆಯನ್ನು ಮಂಡಳಿಯಿಂದ ಬಿಡಿಸುವ ಕೆಲಸ ನಮ್ಮಲ್ಲಿ 1970ರಲ್ಲೇ ಮೈಸೂರು ವಿದ್ಯುತ್ ನಿಗಮದ ಸ್ಥಾಪನೆಯೊಂದಿಗೆ ಶುರುವಾಗಿತ್ತು. ಚಿಲಿ 1982ರಲ್ಲಿ ಕಾಯ್ದೆ ತಂದು, ಇಂಗ್ಲೆಂಡು 1990ರಲ್ಲಿ ತನ್ನ ವ್ಯವಸ್ಥೆಯನ್ನು ಉತ್ಪಾದನಾ ಕಂಪನಿಗಳು, ನ್ಯಾಷನಲ್ ಗ್ರಿಡ್ ಮತ್ತು ಹನ್ನೆರಡು ಪ್ರಾದೇಶಿಕ ಕಂಪನಿಗಳಾಗಿ ಸೀಳುವುದಕ್ಕೆ ಎಷ್ಟೋ ಮೊದಲು. 1999ರಲ್ಲಿ ಆದದ್ದು ಉಳಿದರ್ಧ. ಆ ವರ್ಷದ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆಯಂತೆ ಆಗಸ್ಟ್ 1ರಂದು ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಬಂತು, ನವೆಂಬರಿನಲ್ಲಿ ನಿಯಂತ್ರಣ ಆಯೋಗ ಬಂತು. 2002ರ ಜೂನ್ 1ರಂದು ವಿತರಣೆ ನಾಲ್ಕು ಕಂಪನಿಗಳಿಗೆ ಹಂಚಿಹೋಯಿತು. ಮೈಸೂರು ಸೀಮೆ ಮೊದಲು ಘಟ್ಟದ ಕೆಳಗಿನ ಮೆಸ್ಕಾಂಗೆ ಸೇರಿತ್ತು. 2005ರ ಏಪ್ರಿಲ್‌ನಿಂದ ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗುಗಳಿಗೆ ಸೆಸ್ಕ್ ಎಂಬ ಐದನೆಯ ಕಂಪನಿಯಾಯಿತು. ಈ ನಡುವೆ ಕೋಲಾರದ ಗಣಿ, ಆ ಮೊಟ್ಟಮೊದಲ ಗಿರಾಕಿ, 2001ರ ಫೆಬ್ರವರಿ ಕೊನೆಗೆ ಬಾಗಿಲು ಹಾಕಿತು. ಜನ ಮಾತ್ರ ಇವತ್ತಿಗೂ ಕರೆಂಟು ಹೋದರೆ ‘ಕೆಇಬಿಯವರಿಗೆ ಫೋನ್ ಮಾಡು’ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಕಂಬ ಅದೇ, ಟಿಸಿ (ಟ್ರಾನ್ಸ್‌ಫಾರ್ಮರ್) ಅದೇ, ಕಂಬ ಹತ್ತುವ ಲೈನ್‌ಮನ್ನೂ ಅವನೇ.

ಹಾಗಾದರೆ ಹೆಸರಿನ ಬೋರ್ಡು ಬದಲಾದದ್ದೇ ಸುಧಾರಣೆಯೇ? ಅಷ್ಟೇ ಎನ್ನುವುದೂ ಅನ್ಯಾಯ. 2003ರ ಕೇಂದ್ರ ವಿದ್ಯುತ್ ಕಾಯ್ದೆ ಬಂದ ಮೇಲೆ, ದೊಡ್ಡ ತಂತಿಯನ್ನು ಕಾಯುವ ಸಂಸ್ಥೆ ಆ ತಂತಿಯಲ್ಲಿ ಹರಿಯುವ ಸರಕಿನ ವ್ಯಾಪಾರ ಮಾಡುವಂತಿಲ್ಲ. 2005ರ ಜೂನ್‌ನಲ್ಲಿ ಕೆಪಿಟಿಸಿಎಲ್ ಕೊಳ್ಳುವ ಕರಾರುಗಳನ್ನೆಲ್ಲ ವಿತರಣಾ ಕಂಪನಿಗಳಿಗೆ ಬಿಟ್ಟುಕೊಟ್ಟು ಸಾಗಣೆದಾರನಾಗಿ ಉಳಿಯಿತು. ಇದಕ್ಕಿಂತ ದೊಡ್ಡ ಬದಲಾವಣೆ ಆಯೋಗದ ಬಹಿರಂಗ ವಿಚಾರಣೆ. ಐಪಿ ಸೆಟ್ಟಿನ ಅಂದಾಜು ಎಲ್ಲಿಂದ ಬಂತು, ಎಷ್ಟು ಟಿಸಿಗಳಿಗೆ ಮೀಟರ್ ಕೂರಿಸಿದಿರಿ, ಸೋರಿಕೆ ಎಷ್ಟು ಎಂದು ರೈತಸಂಘದವರೂ ಕಾರ್ಖಾನೆ ಮಾಲೀಕರೂ ಒಂದೇ ಸಭೆಯಲ್ಲಿ ಕೇಳಬಹುದಾಯಿತು. ಪುಕ್ಕಟೆ ಕೊಡುವುದಾದರೆ ಕೊಡಿ, ಆದರೆ ಆ ಹಣವನ್ನು ಸರ್ಕಾರ ಮುಂಗಡವಾಗಿ ಕಂಪನಿಗೆ ಕಟ್ಟಲಿ ಎಂದು 2003ರ ಕಾಯ್ದೆಯ 65ನೇ ಸೆಕ್ಷನ್ ವಿಧಿಸಿತು. ಕೊಡುಗೆಯ ಲೆಕ್ಕವನ್ನು ಹೀಗೆ ಬಯಲಲ್ಲಿಡುವುದು ಹಳೆಯ ಪದ್ಧತಿಯೇ. 1268ರಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಗುಡಿಯ ಬಾಗಿಲಲ್ಲಿ ನಿಂತಿರುವ ಶಾಸನವೂ ದೇವರ ಖರ್ಚಿಗೆ ಬಿಟ್ಟ ದತ್ತಿಯನ್ನು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಬರೆದಿಟ್ಟಿದೆ. ಮಂಡಳಿ ತನ್ನ ದತ್ತಿಯನ್ನು ಕಾಣದಂತೆ ಖಾತೆಯೊಳಗೆ ಹೂತಿಟ್ಟಿತ್ತು. ಸುಧಾರಣೆಯ ನಿಜವಾದ ಗಳಿಕೆ ಅದನ್ನು ಅಗೆದು ತೋರಿಸಿದ್ದು.

ಪೈಪೋಟಿಯ ಮಾತು ಬೇರೆ. ಒಡಿಶಾ 1999ರಲ್ಲಿ ವಿತರಣೆಯನ್ನು ಖಾಸಗಿಯವರಿಗೆ ಮಾರಿ, ಮಹಾ ಚಂಡಮಾರುತದ ನಂತರ ಎಇಎಸ್ ಕಂಪನಿ ಕೈಬಿಟ್ಟು ಹೋದದ್ದನ್ನು ಕಂಡ ಕರ್ನಾಟಕ ತನ್ನ ಕಂಪನಿಗಳನ್ನು ಮಾರಲಿಲ್ಲ. ಯಾವ ಸ್ಥಾವರದ ಎಷ್ಟು ಪಾಲು ಯಾವ ಕಂಪನಿಗೆ ಎಂಬುದನ್ನು ಇಂದಿಗೂ ಸರ್ಕಾರದ ಆದೇಶ ಹೇಳುತ್ತದೆ; 42 ಮೆಗಾವಾಟ್‌ನ ಶಿವನಸಮುದ್ರದ ಅಗ್ಗದ ಕರೆಂಟೂ ಆ ಹಂಚಿಕೆಗೆ ಒಳಪಟ್ಟದ್ದೇ. ಆಯ್ಕೆ ಸಿಕ್ಕಿದ್ದು ಮೇಲಿನ ಪಂಕ್ತಿಗೆ. ಒಂದು ಮೆಗಾವಾಟ್ ಮೀರಿದ ಬಳಕೆದಾರ, ಅಂದರೆ ನಂಜನಗೂಡು ಕೈಗಾರಿಕಾ ಪ್ರದೇಶದ ದೊಡ್ಡ ಘಟಕದಂಥವನು, ಮುಕ್ತ ಪ್ರವೇಶದ ನಿಯಮದಡಿ ಬೇರೆಯವರಿಂದ ವಿದ್ಯುತ್ ಕೊಂಡು, ಸೆಸ್ಕ್ ತಂತಿಗೆ ಬಾಡಿಗೆ ಕಟ್ಟಿ ತರಿಸಿಕೊಳ್ಳಬಹುದು. ಅವನು ಬಿಟ್ಟುಹೋದರೆ ಗದ್ದೆಯ ಭಾರ ಹೊರುವವರು ಯಾರು? ಅದಕ್ಕೇ ಅಡ್ಡ ಸಹಾಯಧನದ ಸರ್‌ಚಾರ್ಜ್ ಇದೆಯಲ್ಲ ಎಂದು ಸುಧಾರಣೆಯ ಪರವಾದವರು ಉತ್ತರಿಸುತ್ತಾರೆ. ಉತ್ತರ ಕಾಗದದ ಮೇಲೆ ಸರಿ. ಆದರೆ 2018ರ ಮಾರ್ಚ್‌ವರೆಗೆ ಚಾಲನೆಗೊಂಡ ಸೌರ ಘಟಕಗಳಿಗೆ ಇದೇ ಕರ್ನಾಟಕ ಹತ್ತು ವರ್ಷ ಆ ಸರ್‌ಚಾರ್ಜನ್ನೂ ತಂತಿಯ ಬಾಡಿಗೆಯನ್ನೂ ಬಿಟ್ಟುಕೊಟ್ಟಿತು. ಸೂರ್ಯನಿಗೆ ಕೊಟ್ಟ ರಿಯಾಯಿತಿ ಒಳ್ಳೆಯದೇ ಇರಬಹುದು. ಅದರ ಬೆಲೆ ತಂತಿಯನ್ನು ಬಿಟ್ಟುಹೋಗಲಾಗದವರ ಲೆಕ್ಕಕ್ಕೆ ಬಿತ್ತು.

ಹಳ್ಳಿಗೂ ಲಾಭವಾಗಿಲ್ಲವೇ ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಆಗಿದೆ. ಮನೆಯ ಫೀಡರನ್ನೂ ಹೊಲದ ಫೀಡರನ್ನೂ ಬೇರೆ ಮಾಡಿದ ನಿರಂತರ ಜ್ಯೋತಿಯಿಂದ, ಪಂಪಿಗೆ ತ್ರೀ ಫೇಸ್ ಇಲ್ಲದ ಹೊತ್ತಿನಲ್ಲೂ ಮನೆಯಲ್ಲಿ ದೀಪ ಉರಿಯುತ್ತದೆ. ಹತ್ತು ಎಚ್‌ಪಿವರೆಗಿನ ಪಂಪಿಗೆ ಬಿಲ್ಲಿಲ್ಲ. 2023ರ ಗೃಹಜ್ಯೋತಿಯಿಂದ 200 ಯೂನಿಟ್ಟಿನ ಮಿತಿಯೊಳಗೆ ಮನೆಗೂ ಬಿಲ್ಲಿಲ್ಲ. ಆದರೆ ಇವುಗಳಲ್ಲಿ ಯಾವುದೂ ಮಾರುಕಟ್ಟೆಯ ಕೊಡುಗೆಯಲ್ಲ, ಎಲ್ಲವೂ ಬೊಕ್ಕಸದ ಹಣ. ಮಂಡಳಿಯ ಋಣವೂ ತೀರಿಲ್ಲ. ನೌಕರರ ಪಿಂಚಣಿ, ಗ್ರಾಚ್ಯುಟಿಯ ಬಾಕಿಗೆಂದು 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆ ಬಿಲ್ಲಿಗೆ ಸೇರಿತು. ಹೀಗೆ ದೊಡ್ಡವನಿಗೆ ಕರಾರು, ಸಣ್ಣವನಿಗೆ ಸರ್ಕಾರ ಎಂಬ ಎರಡು ಸಾಲು ನಿಂತಿವೆ. 2022ರ ಹಸಿರು ಇಂಧನ ನಿಯಮ ಕರಾರಿನ ಹೊಸ್ತಿಲನ್ನು ನೂರು ಕಿಲೋವಾಟ್‌ಗೆ ಇಳಿಸಿದ ಮೇಲೆ ಬನ್ನೂರು ಕಡೆಯ ದೊಡ್ಡ ಅಕ್ಕಿ ಗಿರಣಿಯೊಂದು ಮನಸ್ಸು ಮಾಡಿದರೆ ಅದನ್ನು ದಾಟಬಹುದು. ಆ ಗಿರಣಿಗೆ ಭತ್ತ ಹಾಕುವ ಸೋಮನಾಥಪುರದ ರೈತನ ಹತ್ತು ಎಚ್‌ಪಿ ಪಂಪು ಏಳೂವರೆ ಕಿಲೋವಾಟ್‌ನದು.