ಮೂಲೆ ಸೇರಿದ ಕ್ರೋಶಾ ಕಡ್ಡಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದರೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಸಿಗುವುದುಂಟು. ಗುಂಡಿ, ಸೂಜಿ, ನೂಲಿನ ಉಂಡೆಗಳ ನಡುವೆ ಗೇಣುದ್ದವೂ ಇಲ್ಲದ ಒಂದು ಉಕ್ಕಿನ ಕಡ್ಡಿ. ಅದರ ತುದಿಯಲ್ಲಿ ಸಣ್ಣ ಕೊಕ್ಕೆ. ರೇಡಿಯೋದ ಹೊದಿಕೆ, ಬಾಗಿಲ ತೋರಣ, ಕೂಸಿನ ಕುಲಾವಿ ಎಲ್ಲವೂ ಹುಟ್ಟಿದ್ದು ಈ ಕ್ರೋಶಾ ಕಡ್ಡಿಯಿಂದ. ಹೆಣೆದವರು ಹೋದ ಮೇಲೂ ತೋರಣ ಉಳಿಯುತ್ತದೆ. ಕಡ್ಡಿ ಮಾತ್ರ ತುಕ್ಕು ಹಿಡಿದು ಗುಜರಿ ಸೇರುತ್ತದೆ.

ಫ್ರೆಂಚ್ ಭಾಷೆಯಲ್ಲಿ 'ಕ್ರೋಶೆ' ಎಂದರೆ ಪುಟ್ಟ ಕೊಕ್ಕೆ. ಉಣ್ಣೆಯ ಸ್ವೆಟರಿಗೆ ಎರಡು ಕಡ್ಡಿ ಬೇಕು, ಇದಕ್ಕೆ ಒಂದೇ ಸಾಕು. ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದೇ ಇದರ ಗುಟ್ಟು. 19ನೇ ಶತಮಾನದಲ್ಲಿ ಯುರೋಪಿನಲ್ಲಿ ಹರಡಿದ ಈ ಕಲೆಗೆ ಹಸಿವಿನ ನಂಟೂ ಇದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಘೋರ ಕ್ಷಾಮ ಬಂತು. ಅಲ್ಲಿನ ಕ್ರೈಸ್ತ ಸಂನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಅವರು ಹೆಣೆದ ಲೇಸು ಎಷ್ಟೋ ಮನೆಗಳ ಒಲೆ ಉರಿಸಿತು.

ಅದೇ ಶತಮಾನದಲ್ಲಿ ಮಿಷನರಿಗಳು ಗೋದಾವರಿ ಸೀಮೆಗೂ ಈ ವಿದ್ಯೆಯನ್ನು ತಂದರು. ಅಲ್ಲಿನ ನರಸಾಪುರದ ಲೇಸು ವಿದೇಶಗಳಿಗೆ ರಫ್ತಾಯಿತು. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬಳ್ಳಾರಿ ಕೂಡ 1953ರವರೆಗೆ ಅದೇ ಮದರಾಸು ಆಡಳಿತಕ್ಕೆ ಸೇರಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಮಿಷನ್ ಶಾಲೆಗಳಲ್ಲಿ ಹೊಲಿಗೆ, ಹೆಣಿಗೆಗಳು ಹೆಣ್ಣುಮಕ್ಕಳ ಪಾಠದ ಭಾಗವಾಗಿದ್ದವು. ಹತ್ತಿ ಬೆಳೆಯುವ ಎರೆಭೂಮಿ, 1876-78ರ ಭೀಕರ ಬರ ಎರಡನ್ನೂ ಈ ಸೀಮೆ ಕಂಡಿತ್ತು. ಆದರೂ ಇಲ್ಲಿ ಕ್ರೋಶಾ ದೊಡ್ಡ ವ್ಯಾಪಾರವಾಗಿ ಬೆಳೆಯಲಿಲ್ಲ; ಮನೆವಾರ್ತೆಯ ನಡುವಿನ ಕೆಲಸವಾಗಿಯೇ ಉಳಿಯಿತು.

ಇದು ಹೆಂಗಸರ ಕೆಲಸ ಮಾತ್ರ ಎಂದೂ ತಿಳಿಯಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ ತುರ್ಕಿ ಸೈನಿಕರು ಈಜಿಪ್ಟ್ ಮೊದಲಾದ ಕಡೆಯ ಶಿಬಿರಗಳಲ್ಲಿ ಬಣ್ಣದ ಮಣಿ ಪೋಣಿಸಿ, ಕೊಕ್ಕೆಯಿಂದ ಉದ್ದನೆಯ ಹಾವುಗಳನ್ನು ಹೆಣೆದು ಮಾರುತ್ತಿದ್ದರು. ಹಾವಿನ ಮೈಮೇಲೆಯೇ ಇಸವಿಯನ್ನೂ 'ತುರ್ಕಿ ಕೈದಿ' ಎಂಬ ಅಕ್ಷರಗಳನ್ನೂ ಮೂಡಿಸುತ್ತಿದ್ದರು. ಸಂಗ್ರಹಕಾರರು ಇಂದು ಅವನ್ನು ಹುಡುಕಿ ಕೊಳ್ಳುತ್ತಾರೆ. ತುರ್ಕಿ ಕೈದಿಗಳ ಶಿಬಿರ ಬಳ್ಳಾರಿಯಲ್ಲೂ ಇತ್ತು.

ಹಳೆಯ ಕಡ್ಡಿಯನ್ನು ಓದಲು ಬರಬೇಕು. ಹಿಡಿಯ ಮೇಲೆ ಮಿಲ್ವರ್ಡ್‌ನಂಥ ಹೆಸರಿದ್ದರೆ ಅದು ಇಂಗ್ಲೆಂಡಿನ ಸೂಜಿಗಳ ಊರು ರೆಡಿಚ್‌ನ ಕಡೆಯದು. 'ಪೋನಿ' ಎಂದಿದ್ದರೆ ನೀಲಗಿರಿಯ ಕಾರ್ಖಾನೆಯ ಮಾಲು. ಅದನ್ನು ತಯಾರಿಸುವ ಕಂಪನಿ ಸ್ಥಾಪನೆಯಾದದ್ದು 1949ರಲ್ಲಿ. ತೆಳುವಾದ ಉಕ್ಕಿನ ಕಡ್ಡಿ ಸಣ್ಣ ಹತ್ತಿ ನೂಲಿಗೆ, ದಪ್ಪ ಕಡ್ಡಿ ಉಣ್ಣೆಗೆ. ಹಳೆಯ ಉಕ್ಕಿನ ಕಡ್ಡಿಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. ಮೂಳೆಯ ಕಡ್ಡಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಕಪ್ಪು ಚುಕ್ಕೆ, ಗೀರುಗಳು ಕಾಣುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಇವು ಇರುವುದಿಲ್ಲ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಗೋಜು ಬೇಡ. ಹಳೆಯ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಸಂಗ್ರಹಕ್ಕೆ ಕಾನೂನಿನ ಎಲ್ಲೆಯೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ದಂತದ ವಸ್ತುಗಳನ್ನು ಕೊಳ್ಳುವುದೂ ಮಾರುವುದೂ ಅಪರಾಧ. ನೂರು ವರ್ಷ ದಾಟಿದ ಕರಕುಶಲ ವಸ್ತುಗಳು ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದಾಚೆಗೆ ಕಳಿಸುವಂತಿಲ್ಲ.

ಉಕ್ಕಿನ ಕಡ್ಡಿ ಬಳಸಿದಷ್ಟೂ ಚೆನ್ನ. ತುಕ್ಕನ್ನು ನಯವಾದ ಉಕ್ಕಿನ ನಾರಿನಿಂದ ಉಜ್ಜಿ, ಎಣ್ಣೆ ಸವರಿ ಒರೆಸಿದರೆ ನೂಲು ಮತ್ತೆ ಸರಾಗವಾಗಿ ಹರಿಯುತ್ತದೆ. ಮೂಳೆಯದನ್ನು ನೀರಿನಲ್ಲಿ ನೆನೆಸಬಾರದು. ಬಳ್ಳಾರಿಯಲ್ಲಿ ಇಂದು ಜೀನ್ಸ್ ಹೊಲಿಯುವ ಯಂತ್ರಗಳು ಸಾವಿರಾರು ಇವೆ. ಆದರೆ ಅಂಗಡಿಯಲ್ಲಿ ಸಿಗುವ ನಿಜವಾದ ಕ್ರೋಶಾ ಇಂದಿಗೂ ಯಾರದೋ ಕೈಯ ಕೆಲಸವೇ.

ಆ ಕೈಗೆ ಸಿಕ್ಕ ಲೆಕ್ಕ ಎಷ್ಟು? ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ನರಸಾಪುರದ ಲೇಸಿನ ಹೆಂಗಸರ ಬಗ್ಗೆ ಪುಸ್ತಕ ಪ್ರಕಟಿಸಿದರು. ರಫ್ತಿಗೆ ದುಡಿಯುತ್ತಿದ್ದ ಅವರನ್ನು ಲೋಕ 'ಬಿಡುವಿನ ವೇಳೆ ಕಳೆಯುವ ಗೃಹಿಣಿಯರು' ಎಂದೇ ಎಣಿಸಿತ್ತು. ಮಾರಾಟದ ಕೆಲಸಕ್ಕೇ ಅಷ್ಟು ಬೆಲೆಯಾದರೆ, ಬಳ್ಳಾರಿಯ ಅಟ್ಟದ ಮೇಲಿನ ಡಬ್ಬಿಯ ಗತಿಯೇನು? ಸಂಡೂರಿನ ಲಂಬಾಣಿ ಕಸೂತಿಗೆ ಸಿಕ್ಕ ಭೌಗೋಳಿಕ ಸೂಚಕದ ಮಾನ್ಯತೆಯೂ ಇದಕ್ಕಿಲ್ಲ.

ಹಳೆಯ ಉಪಕರಣದ ಬೆಲೆ ಬಳ್ಳಾರಿಗೆ ತಿಳಿಯದ್ದಲ್ಲ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಬೆಟ್ಟಗಳಲ್ಲಿ ಕಲ್ಲಿನ ಕೊಡಲಿಗಳನ್ನು ಹೆಕ್ಕಿದರು. ನಗರದ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರಿದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ನೆಲದಿಂದಲೂ ನವಶಿಲಾಯುಗದ ಬದುಕು ಹೊರಬಂದಿದೆ. ಫೂಟ್ ಕಲ್ಲನ್ನು ಎತ್ತಿಕೊಂಡು ಸುಮ್ಮನಾಗಲಿಲ್ಲ, ಅದು ಎಲ್ಲಿ ಸಿಕ್ಕಿತೆಂದು ಬರೆದಿಟ್ಟರು. ಕ್ರೋಶಾ ಕಡ್ಡಿಗೂ ಅಷ್ಟೇ ಬೇಕಾದದ್ದು: ಯಾರದು, ಎಲ್ಲಿ ಕಲಿತರು, ಏನು ಹೆಣೆದರು ಎಂಬ ನಾಲ್ಕು ಸಾಲಿನ ಚೀಟಿ. ಅದನ್ನು ಹೇಳಬಲ್ಲ ಅಜ್ಜಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.