ಬಲವಂತ ಸಲ್ಲದೆಂಬ ಸೂಕ್ತ: ವ್ಯಾಖ್ಯಾನಗಳು ನಡೆದ ದಾರಿ

ಧರ್ಮದ ವಿಷಯದಲ್ಲಿ ಬಲವಂತ ಸಲ್ಲದೆಂದು ಕುರ್‌ಆನಿನ 2ನೇ ಅಧ್ಯಾಯದ 256ನೇ ಸೂಕ್ತ ಸಾರುತ್ತದೆ. ನಂಬುವುದೂ ಬಿಡುವುದೂ ಮನುಷ್ಯನಿಗೆ ಬಿಟ್ಟದ್ದು ಎಂಬ ಧ್ವನಿ 18ನೇ ಅಧ್ಯಾಯದಲ್ಲಿದೆ; ಅಲ್ಲಾಹನು ಇಚ್ಛಿಸದೆ ಮನುಷ್ಯ ಇಚ್ಛಿಸಲಾರ ಎಂಬ ಮಾತು 76ನೆಯದರಲ್ಲಿದೆ. ಇವುಗಳಿಂದ ಎರಡು ಪ್ರಶ್ನೆಗಳು ಹುಟ್ಟಿದವು. ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವಿದೆಯೇ? ನಂಬಿಕೆಯ ವಿಷಯದಲ್ಲಿ ಅವನನ್ನು ಇನ್ನೊಬ್ಬರು ಒತ್ತಾಯಿಸಬಹುದೇ? ಮೊದಲನೆಯದು ಕಲಾಂ ಎಂಬ ದೇವತಾಶಾಸ್ತ್ರದ ಪಂಡಿತರ ಪಾಲಿಗೆ ಬಂತು, ಎರಡನೆಯದು ಫಿಕ್ಹ್ ಎಂಬ ಕಾನೂನುಶಾಸ್ತ್ರದ ಪಂಡಿತರ ಪಾಲಿಗೆ. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದನ್ನು ಮುಟ್ಟದೆ ಶತಮಾನಗಳೇ ಉರುಳಿದವು.

ಮೊದಲ ಪ್ರಶ್ನೆ ಎದ್ದದ್ದು ರಾಜಕೀಯದ ಕಾವಿನಲ್ಲಿ. ಎಲ್ಲವೂ ವಿಧಿಲಿಖಿತವೆಂದರೆ ಉಮಯ್ಯದ್ ಅರಸರ ಅನ್ಯಾಯವೂ ದೈವೇಚ್ಛೆಯೇ ಆಗಿಬಿಡುತ್ತಿತ್ತು. ಮಾಡಿದ ತಪ್ಪಿಗೆ ಮನುಷ್ಯನೇ ಹೊಣೆ ಎಂದರು ಖದರಿಗಳು. ಅವರ ಮುಂದಾಳು ಗೈಲಾನ್‌ನನ್ನು ಖಲೀಫ ಹಿಶಾಮ್ ಕೊಲ್ಲಿಸಿದ. ಈ ವಾದವನ್ನು ಮುಅ್ತಜಿಲಾ ಪಂಥ ಶಾಸ್ತ್ರವಾಗಿ ಬೆಳೆಸಿತು: ಆಯ್ಕೆಯೇ ಇಲ್ಲದವನನ್ನು ನರಕಕ್ಕೆ ತಳ್ಳುವುದು ನ್ಯಾಯವಂತನಾದ ದೇವರಿಗೆ ಒಪ್ಪದು. ಆದರೆ 833ರಲ್ಲಿ ಖಲೀಫ ಮಾಮೂನ್ ಇದೇ ಪಂಥದ ಇನ್ನೊಂದು ಮತವನ್ನು, ಅಂದರೆ ಕುರ್‌ಆನ್ ಸೃಷ್ಟಿಯಾದದ್ದು ಎಂಬುದನ್ನು, ವಿದ್ವಾಂಸರು ಒಪ್ಪಲೇಬೇಕೆಂದು ವಿಚಾರಣೆಗೆ ಎಳೆದ. ಒಪ್ಪದ ಅಹ್ಮದ್ ಇಬ್ನ್ ಹಂಬಲ್ ಸೆರೆಮನೆ ಕಂಡರು. ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟೂ ತಿಂದರು. ಇಚ್ಛಾಸ್ವಾತಂತ್ರ್ಯವನ್ನು ಎತ್ತಿಹಿಡಿದವರ ಮಾತು ನಡೆಯುತ್ತಿದ್ದ ಆಸ್ಥಾನದಲ್ಲೇ ಮನಸ್ಸಾಕ್ಷಿಗೆ ಬೆಲೆ ಸಿಗಲಿಲ್ಲ.

ಮುಅ್ತಜಿಲಾ ಪಂಥ ತೊರೆದುಬಂದ ಅಶ್ಅರಿ ನಡುದಾರಿ ಹುಡುಕಿದ: ಕ್ರಿಯೆಯನ್ನು ಸೃಷ್ಟಿಸುವವನು ದೇವರು, ಅದನ್ನು ತನ್ನದಾಗಿಸಿಕೊಂಡು ಹೊಣೆ ಹೊರುವವನು ಮನುಷ್ಯ. ಸಮರಕಂದದ ಮಾತುರೀದಿ (ನಿಧನ 944) ಮನುಷ್ಯನ ಆಯ್ಕೆಗೆ ಇನ್ನಷ್ಟು ಜಾಗ ಕೊಟ್ಟ.

ಎರಡನೇ ಪ್ರಶ್ನೆಯ ಚರಿತ್ರೆ 256ನೇ ಸೂಕ್ತದ ಭಾಷ್ಯಗಳಲ್ಲೇ ಇದೆ. ತಬರಿ (ನಿಧನ 923) ದಾಖಲಿಸಿದ ಒಂದು ವರದಿ ಹೀಗಿದೆ. ಇಸ್ಲಾಮಿಗೆ ಮೊದಲು ಮದೀನಾದಲ್ಲಿ ಮಕ್ಕಳು ಉಳಿಯದ ತಾಯಂದಿರು, ಹುಟ್ಟುವ ಮಗು ಬದುಕಿದರೆ ಯಹೂದಿಯಾಗಿ ಬೆಳೆಸುತ್ತೇವೆಂದು ಹರಕೆ ಹೊರುತ್ತಿದ್ದರು. 625ರಲ್ಲಿ ಬನೂ ನದೀರ್ ಎಂಬ ಯಹೂದಿ ಕುಲ ಊರು ಬಿಡಬೇಕಾದಾಗ ಅಂಥ ಮಕ್ಕಳೂ ಅವರ ಜೊತೆಗಿದ್ದರು. ಹೆತ್ತವರು ತಡೆಯಲು ಹೊರಟಾಗ ಈ ಸೂಕ್ತ ಇಳಿಯಿತು. ಬಲವಂತ ಮಾಡುವ ಹಕ್ಕು ಹೆತ್ತವರಿಗೂ ಇಲ್ಲ ಎಂದು ಕಥೆ ಹೇಳುತ್ತದೆ. ತಬರಿ ಮಾತ್ರ ಈ ಸೂಕ್ತವನ್ನು ಜಿಜ್ಯಾ ಎಂಬ ತಲೆಗಂದಾಯ ಕೊಡುವ ಮುಸ್ಲಿಮೇತರ ಸಮುದಾಯಗಳಿಗೆ ಸೀಮಿತಗೊಳಿಸಿದರು. ಯುದ್ಧದ ಸೂಕ್ತಗಳು ಬಂದ ಮೇಲೆ ಇದು ರದ್ದಾಯಿತೆಂದವರೂ ಇದ್ದರು. ಜಮಖ್ಶರಿ (ನಿಧನ 1144) ಬೇರೆ ದಾರಿ ಹಿಡಿದರು: ದೇವರು ನಂಬಿಕೆಯನ್ನು ನಿಲ್ಲಿಸಿದ್ದೇ ಆಯ್ಕೆಯ ಮೇಲೆ. ಈ ಲೋಕ ಪರೀಕ್ಷೆಯ ತಾಣ, ಬಲವಂತ ಬಂದರೆ ಪರೀಕ್ಷೆಗೇ ಅರ್ಥವಿಲ್ಲ ಎಂಬ ವಾದವನ್ನು ರಾಜಿ (ನಿಧನ 1210) ಹಿಂದಿನವರಿಂದ ಎತ್ತಿ ವಿವರಿಸಿದರು. ಎರಡು ಪ್ರಶ್ನೆಗಳು ಕೂಡಿಕೊಂಡದ್ದು ಇಲ್ಲಿ.

ಆದರೂ ಧರ್ಮ ತೊರೆದವರಿಗೆ ಪ್ರವಾದಿಯ ಮಾತುಗಳೆನಿಸಿದ ಹದೀಸ್ ಆಧಾರದಲ್ಲಿ ಮರಣದಂಡನೆ ಎಂಬ ನಿಯಮವನ್ನು ಫಿಕ್ಹ್ ಬಿಡಲಿಲ್ಲ. ಅದರ ಒಂದು ಶಾಖೆಯಾದ ಹನಫಿ ಪಂಡಿತರು ಹೆಂಗಸರನ್ನಾದರೂ ಕೊಲ್ಲದೆ ಸೆರೆಯಲ್ಲಿಡಬೇಕೆಂದರು. ಅವರು ಯುದ್ಧಕ್ಕೆ ನಿಲ್ಲುವವರಲ್ಲ ಎಂಬುದು ಕಾರಣ. ಹಾಗಾದರೆ ಶಿಕ್ಷೆ ನಂಬಿಕೆ ಬಿಟ್ಟದ್ದಕ್ಕಲ್ಲ, ರಾಜದ್ರೋಹಕ್ಕೆ ಎಂಬ ಎಳೆಯನ್ನು ಆಧುನಿಕರು ಬಿಗಿಯಾಗಿ ಹಿಡಿದರು.

ಟ್ಯುನೀಷಿಯಾದ ಇಬ್ನ್ ಆಶೂರ್ (ನಿಧನ 1973) ಹಳೆಯ ವಾದವನ್ನೇ ತಲೆಕೆಳಗು ಮಾಡಿದರು: ರದ್ದಾದದ್ದು ಈ ಸೂಕ್ತವಲ್ಲ, ಮತಕ್ಕಾಗಿ ಯುದ್ಧ ಮಾಡುವ ಆದೇಶ. 1948ರಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಮತದಾನಕ್ಕೆ ಬಂದಾಗ ಸೌದಿ ಅರೇಬಿಯಾ ದೂರ ಉಳಿಯಿತು. ಮತಾಂತರದ ಹಕ್ಕಿಗೆ ಪಾಕಿಸ್ತಾನದ ಜಫರುಲ್ಲಾ ಖಾನ್ ಕುರ್‌ಆನಿನಿಂದಲೇ ಸಮರ್ಥನೆ ಕೊಟ್ಟರು. ಧರ್ಮತ್ಯಾಗಕ್ಕೆ ಕುರ್‌ಆನ್ ಇಹದಲ್ಲಿ ಶಿಕ್ಷೆ ಹೇಳಿಲ್ಲವೆಂದು ಆ ದೇಶದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್. ಎ. ರಹಮಾನ್ 1972ರಲ್ಲಿ ಪುಸ್ತಕವನ್ನೇ ಬರೆದರು.

ಭಾಷ್ಯ ಬದಲಾದಷ್ಟು ಬೇಗ ಕಾನೂನು ಬದಲಾಗುವುದಿಲ್ಲ. ಸುಡಾನಿನಲ್ಲಿ 1985ರಲ್ಲಿ ಚಿಂತಕ ಮಹಮೂದ್ ಮುಹಮ್ಮದ್ ತಾಹಾ ಅವರನ್ನು ಧರ್ಮಭ್ರಷ್ಟರೆಂದು ಗಲ್ಲಿಗೇರಿಸಲಾಯಿತು. 1991ರ ದಂಡಸಂಹಿತೆಯಲ್ಲಿ ಈ ಅಪರಾಧ ಸ್ಪಷ್ಟವಾಗಿ ಸೇರಿತು. 2020ರಲ್ಲಿ ಅದನ್ನು ತೆಗೆದುಹಾಕಲಾಯಿತು. ಪರೀಕ್ಷೆಯ ವಾದ ಒಳಬರುವವರಿಗೆ ಅನ್ವಯಿಸುವಂತೆ ಹೊರಹೋಗುವವರಿಗೂ ಅನ್ವಯಿಸಬೇಕಲ್ಲವೇ ಎಂಬುದೇ ಈ ಕ್ಷೇತ್ರದಲ್ಲಿ ಇಂದು ಉಳಿದಿರುವ ಮುಖ್ಯ ಜಗಳ.